ಅವಾಲಿಯ ದರಪಟ್ಟಿ, ೧೯೫೫

ಒಂದು ಡಾಲರಿಗೆ ನಾಲ್ಕು ರೂಪಾಯಿ ಹನ್ನೆರಡಾಣೆ:
ಬಹರೈನಿಗೆ ಬಂದು ನಾನು ಕಲಿತ ಮೊದಲ ಮಗ್ಗಿ ಇದು.
ಎಣ್ಣೆ ಕಂಪೆನಿಯ ಅಂಗಡಿ, ಬೇಲಿಯ ಒಳಗೆ,
ತಣ್ಣನೆ ಗಾಳಿ ಊದುವ ಯಂತ್ರದ ಕೆಳಗೆ
ಡಬ್ಬಿಗಳ ನೆತ್ತಿಗೆ ನೇರಳೆ ಶಾಯಿಯಲ್ಲಿ
ಬೆಲೆ ಒತ್ತುವ ಕೆಲಸ.
ಹೊರಗೆ ಮರಳು, ಕೊಳವೆ,
ಹಗಲೂ ಆರದೆ ಉರಿಯುವ ಅನಿಲದ ನಾಲಗೆ.

ಬೊನವೆಂಚರ್ ಎನ್ನಲು ಬಾಯಿ ತಿರುಗದೆ
ಹಾಲ್ವರ್ಸನ್ ದೊರೆಸಾನಿ ನನ್ನನ್ನು ಬಾನಿ ಎಂದಳು.
ಇರಲಿ. ಬಜ್ಪೆಯಲ್ಲಿ ನಮ್ಮ ಮನೆ ಹಿಂದೆ ಬಾನಿಯೊಂದಿತ್ತು,
ದನಕ್ಕೆ ಅಕ್ಕಚ್ಚು ಹಾಕುವುದು.
ಯಾರು ಏನು ಸುರಿದರೂ ಹಿಡಿಯುತ್ತಿತ್ತು.
ಅವಳೂ ಸುರಿದಳು:

"ಟಲ್ಸಾದಲ್ಲಿ ಮೊಟ್ಟೆ ಡಜನಿಗೆ ಅರವತ್ತು ಸೆಂಟು, ಬಾನಿ,
ಇದು ಹಗಲುದರೋಡೆ!
ಬ್ರೆಡ್ಡಿಗೆ ಹದಿನೆಂಟು. ಸಿನಿಮಾಕ್ಕೆ ಐವತ್ತು,
ಮಕ್ಕಳಿಗಾದರೆ ಹದಿನೈದು, ಜೋಳದ ಅರಳು ಹತ್ತು.
ನನ್ನ ತಮ್ಮ ಹೊಸ ಕಾರು ತೆಗೆದ,
ಎರಡು ಸಾವಿರ ಡಾಲರು, ಆಕಾಶದ ಬಣ್ಣದ್ದು."

ರಾತ್ರಿ ಖೋಲಿಯಲ್ಲಿ ಎಲ್ಲ ಬರೆದಿಡುತ್ತಿದ್ದೆ,
ಎಡಗಡೆ ಅವರದು, ಬಲಗಡೆ ನಮ್ಮದು.
ಮೊಟ್ಟೆ, ಸಾಬೂನು, ಕ್ಷೌರ, ಅಂಚೆ.
ಕಾರನ್ನು ನನ್ನ ಸಂಬಳದಿಂದ ಭಾಗಿಸಿದೆ:
ಉಣ್ಣದೆ, ಊರಿಗೆ ಕಳಿಸದೆ,
ಐದು ವರ್ಷ ಮೂರು ತಿಂಗಳು.
ಪಕ್ಕದ ಮಂಚದಿಂದ ಉಳ್ಳಾಲದ ಇದಿನಬ್ಬ
"ಬಣ್ಣ ಯಾವುದು ಆರಿಸಿದಿ?" ಎಂದು ಮಗ್ಗುಲು ಬದಲಿಸಿದ.

ಗುರುವಾರ ಕ್ಲಬ್ಬಿನ ಅಂಗಳದಲ್ಲಿ ಸಿನಿಮಾ.
ಕುರ್ಚಿಗಳು ಅವರಿಗೆ, ನಮಗೆ ಬೇಲಿಯಾಚೆ ದಿಬ್ಬ,
ಪರದೆಯ ಹಿಂಬದಿ.
ಅಕ್ಷರ ಎಲ್ಲ ಕನ್ನಡಿಯೊಳಗಿನ ಹಾಗೆ ಉಲ್ಟಾ.
ಕುದುರೆಯವನು ಎಡಗೈಯಲ್ಲಿ ಗುಂಡು ಹಾರಿಸಿದ,
ತೋಳಿಲ್ಲದ ಅಂಗಿಯವಳು ಎಡಗೈಯಲ್ಲಿ ಕಾಗದ ಬರೆದಳು,
ನ್ಯಾಯಾಧೀಶನೂ ಎಡಗೈಯಲ್ಲೇ ಸುತ್ತಿಗೆ ಕುಟ್ಟಿದ.
"ಅಮೆರಿಕದವರೆಲ್ಲ ಎಡಚರಾ ಮಾರಾಯ?"
ಇದಿನಬ್ಬನ ಪ್ರಶ್ನೆಗೆ ದಿಬ್ಬವೆಲ್ಲ ನಕ್ಕಿತು.
ಆದರೂ ಮರುದಿನ, ದೊರೆಸಾನಿ ರಸೀದಿಗೆ ಸಹಿ ಹಾಕುವಾಗ
ಕೈ ಯಾವುದೆಂದು ನೋಡಿದೆ. ಸುಳ್ಳೇಕೆ ಹೇಳಲಿ.

ಅವಳ ಮಗ ಡೇಲ್, ಏಳು ವರ್ಷ.
ಒಂದು ಕಾಲಿಗೆ ಕಬ್ಬಿಣದ ಪಟ್ಟಿ, ಚರ್ಮದ ಬಿಗಿ.
ಎಡಗಾಲೋ ಬಲಗಾಲೋ ಈಗ ನೆನಪಿಲ್ಲ,
ಆ ದೇಶವನ್ನು ಹಿಂದಿನಿಂದ ನೋಡಿದವನಿಗೆ
ಅಷ್ಟು ತಪ್ಪುತ್ತದೆ.

ಮೇ ತಿಂಗಳು. ಹಡಗಿನಲ್ಲಿ ಬಂದ ಪತ್ರಿಕೆಯ ಕಟ್ಟು,
ಸುದ್ದಿಗೆ ಒಂದು ತಿಂಗಳ ಪ್ರಾಯ.
ಹಣ್ಣಿನ ಡಬ್ಬಿ ಕಂಕುಳಲ್ಲಿಟ್ಟು ನಿಂತಲ್ಲೇ ಓದಿದಳು.
"ಲಸಿಕೆ ಸಿಕ್ಕಿತಂತೆ, ಬಾನಿ. ಪೋಲಿಯೋಗೆ.
ಊರೂರಲ್ಲಿ ಇಗರ್ಜಿಯ ಗಂಟೆ ಹೊಡೆದರಂತೆ."
ನನಗೋ ಬಾಯಿಯ ಚಾಳಿ:
"ಎಷ್ಟಂತೆ?"

ನನ್ನನ್ನೇ ನೋಡಿದಳು. ಬೈಯಲಿಲ್ಲ.
"ಶಾಲೆ ಮಕ್ಕಳಿಗೆ ಪುಕ್ಕಟೆಯಂತೆ" ಎಂದಳು.
ಡಬ್ಬಿಯನ್ನು ಕಪಾಟಿಗೆ ಮರಳಿಸಿದಳು,
ಮತ್ತೆ ತೆಗೆದಳು.
ಹೊರಗೆ ಕಾರಿನಲ್ಲಿ ಹುಡುಗ
ಹಾರನ್ ಒತ್ತುತ್ತಲೇ ಇದ್ದ.

ಅಂದು ರಾತ್ರಿ ಎಡಗಡೆ ಬರೆದೆ: ಲಸಿಕೆ, ಸೊನ್ನೆ.
ಬಲಗಡೆ ಏನು ಬರೆಯಲಿ?
ತಂಗಿ ಸೆವ್ರಿನಳ ಮಗಳಿಗೆ ಆಗ ಹತ್ತು ತಿಂಗಳು.
ಮಂಗಳೂರಲ್ಲಿ ದೊಡ್ಡ ಡಾಕ್ಟರನ್ನು ಕೇಳು,
ಖರ್ಚು ಎಷ್ಟಾದರೂ ಕಳಿಸುತ್ತೇನೆ
ಎಂದು ಎರಡು ಪುಟ ಬರೆದೆ.

ಜುಲೈಗೆ ಉತ್ತರ.
ಅಕ್ಕಿ ಮತ್ತೆ ಕಾಲಾಣೆ ಏರಿದೆ.
ಮಳೆಗೆ ಮುಂಚೆ ಬಂಗುಡೆ ಅಗ್ಗವಿತ್ತು, ನೂರಕ್ಕೆ ಎರಡೇ ರೂಪಾಯಿ,
ನೀನಿದ್ದಿದ್ದರೆ ಎಂದು ಎಲ್ಲರೂ ನೆನೆದೆವು.
ಡಾಕ್ಟರ್ ನಕ್ಕುಬಿಟ್ಟರು, ಅದೆಲ್ಲ ಇಲ್ಲಿಗೆ ಯಾವಾಗಲೋ ಅಂತೆ.
ನಿನ್ನ ಸೊಸೆ ಈಗ
ಗೋಡೆ ಹಿಡಿದು ನಡೆಯುತ್ತಾಳೆ.